ಬದುವಿನಲ್ಲಿ ಕರಗಿದ ಕಲ್ಲು

ತಹಶೀಲ್ದಾರರು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಊರು ಖಾಲಿ ಮಾಡಿಸ್ಬೇಕೋ ಬ್ಯಾಡೋ, ಅಷ್ಟು ಹೇಳ್ರಿ ಮೇಡಂ."

ಆಗ ನಾನು ಆಳಂದ ತಾಲ್ಲೂಕಿನ ನಿಂಬರ್ಗಾದ ಹತ್ತಿರ ಒಂದು ತೆರೆದ ಬಾವಿಯ ಕಟ್ಟೆಯ ಮೇಲೆ ಬಗ್ಗಿ, ನೀರಿನ ಮಟ್ಟ ಅಳೆಯುವ ಟೇಪನ್ನು ಕೆಳಗೆ ಇಳಿಬಿಡುತ್ತಿದ್ದೆ. ಅಂತರ್ಜಲದ ಕಚೇರಿಯಲ್ಲಿ ಭೂವಿಜ್ಞಾನಿಯಾದ ನನ್ನ ಬೇಸಿಗೆಗಳೆಲ್ಲ ಕಳೆಯುವುದು ಹೀಗೆ, ಬಾವಿಗಳ ಕಟ್ಟೆಯ ಮೇಲೆ. ಊರು ಖಾಲಿ ಮಾಡಿಸುವಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿದವರಿಲ್ಲ. ಅಫಜಲಪುರ ತಾಲ್ಲೂಕಿನಲ್ಲಿ, ಅತನೂರಿನ ಆಚೆಗಿನ ಒಂದು ಹಳ್ಳಿಯ ಹೊಲದಲ್ಲಿ ನೆಲ ಬಾಯಿ ಬಿಟ್ಟಿದೆ, ಒಳಗಿನಿಂದ ಬೆಂಕಿ ಬರುತ್ತಿದೆ, ಜನ ಟ್ರ್ಯಾಕ್ಟರಿಗೆ ಸಾಮಾನು ಹೇರುತ್ತಿದ್ದಾರೆ ಎಂದರು. ಒಂದು ವಿಡಿಯೊ ಕಳಿಸುತ್ತೇನೆ, ನೋಡಿ ಎಂದರು.

ಯಾರೋ ಕಸಕ್ಕೆ ಬೆಂಕಿ ಇಟ್ಟಿರಬೇಕು ಎಂದುಕೊಂಡೇ ವಿಡಿಯೊ ತೆರೆದೆ. ಬಿಸಿಲಿಗೆ ಪರದೆ ಸರಿಯಾಗಿ ಕಾಣದೆ ಜೀಪಿನೊಳಗೆ ಕೂತು ಮತ್ತೊಮ್ಮೆ ನೋಡಿದೆ. ಹೊಲದ ಬದುವಿನಲ್ಲಿ ಸುಟ್ಟು ಕರಕಲಾದ ಜಾಲಿ ಪೊದೆ. ಅದರ ಬುಡದಲ್ಲಿ ಒಂದು ತೂತು. ತೂತಿನಿಂದ ಕಪ್ಪನೆಯ ಪಾಕದಂಥದ್ದು ಉಕ್ಕಿ, ಅಂಚಿನಲ್ಲಿ ಮಡಿಕೆ ಮಡಿಕೆಯಾಗಿ ಕೂರುತ್ತಿತ್ತು. ಆ ಮಡಿಕೆಗಳ ಸಂದಿನಲ್ಲಿ ಕೆಂಪು. ಕಸದ ಬೆಂಕಿಯ ಕೆಂಪಲ್ಲ ಅದು. ಕಮ್ಮಾರನ ಕುಲುಮೆಯಿಂದ ಹೊರತೆಗೆದ ಕಬ್ಬಿಣದ ಕೆಂಪು.

ಕಲ್ಲು ಕರಗಬೇಕಾದರೆ ಸಾವಿರ ಡಿಗ್ರಿ ದಾಟಿದ ಬಿಸಿ ಬೇಕು. ಹುಲ್ಲು, ಕಟ್ಟಿಗೆ, ಟೈರು, ಡೀಸೆಲ್ ಯಾವುದನ್ನು ಬಯಲಿನಲ್ಲಿ ಸುಟ್ಟರೂ ಮಣ್ಣು ಹಾಗೆ ಉಕ್ಕುವುದಿಲ್ಲ. ಬಾವಿಯ ಅಳತೆಯನ್ನು ಅರ್ಧಕ್ಕೇ ಬಿಟ್ಟು ಟೇಪು ಸುತ್ತಿಕೊಂಡೆ.

ಜೀಪಿನ ಚಾಲಕರು ನಿವೃತ್ತಿಗೆ ಹತ್ತಿರವಾದ ಹಿರಿಯರು. ನಾನು ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆ. ಅಫಜಲಪುರದ ರಸ್ತೆ ಹಿಡಿದ ಮೇಲೆ ಅವರೇ ಮಾತು ತೆಗೆದರು.

"ಮೇಡಂ, ನಮ್ಮ ಕಡೀಗಿ ಜ್ವಾಲಾಮುಖಿ ಎಲ್ಲಿಂದ ಬರ್ತದ್ರಿ? ಅದಕ್ಕ ದೊಡ್ಡ ಗುಡ್ಡ ಬೇಕಲ್ಲ?"

"ಗುಡ್ಡನೇ ಬೇಕಂತಿಲ್ಲ ಚಾಚಾ. ಈಗ ನಮ್ಮ ಗಾಡಿ ಹೊಂಟದ್ದೇ ಜ್ವಾಲಾಮುಖಿಯ ಮ್ಯಾಲ."

ಅವರು ನಗಲಿಲ್ಲ. ನಾನು ವಿವರಿಸುತ್ತ ಹೋದೆ. ಅವರಿಗಾಗಿ ಎನ್ನುವುದಕ್ಕಿಂತ, ನನ್ನ ಧೈರ್ಯಕ್ಕಾಗಿ. ಭೂಮಿಯ ಆಳದಲ್ಲಿ ಕಲ್ಲು ಎಷ್ಟೇ ಬಿಸಿಯಿದ್ದರೂ ಗಟ್ಟಿಯಾಗಿಯೇ ಇರುತ್ತದೆ. ಮೇಲಿನ ಭಾರ ಅದನ್ನು ಕರಗಲು ಬಿಡುವುದಿಲ್ಲ. ಆದರೆ ಕೆಲವು ಕಡೆ ಆಳದ ಬಿಸಿ ಕಲ್ಲು ನಿಧಾನವಾಗಿ ಮೇಲಕ್ಕೆ ಏರುತ್ತದೆ. ಏರಿದಂತೆ ಭಾರ ಕಡಿಮೆಯಾಗಿ ಅದು ಕರಗತೊಡಗುತ್ತದೆ. ಕರಗಿದ್ದು ಸುತ್ತಲಿನ ಕಲ್ಲಿಗಿಂತ ಹಗುರ, ಹಾಗಾಗಿ ಬಿರುಕು ಹುಡುಕಿಕೊಂಡು ಇನ್ನೂ ಮೇಲೆ ಬರುತ್ತದೆ. ಅದರಲ್ಲಿ ಕರಗಿಕೊಂಡಿದ್ದ ಅನಿಲ, ಮುಚ್ಚಳ ತೆಗೆದ ಸೋಡಾ ಬಾಟಲಿಯ ಗುಳ್ಳೆಗಳ ಹಾಗೆ ಉಬ್ಬಿ ಅದನ್ನು ಹೊರಕ್ಕೆ ತಳ್ಳುತ್ತದೆ. ನಮ್ಮ ದಖ್ಖನ್ನಿನಲ್ಲಿ ಅದು ಒಂದು ಶಿಖರದಿಂದ ಚಿಮ್ಮಲಿಲ್ಲ. ಮೈಲುಗಟ್ಟಲೆ ಉದ್ದದ ಸೀಳುಗಳಿಂದ ಉಕ್ಕಿ, ಹೊಳೆಗೆ ಮಹಾಪೂರ ಬಂದ ಹಾಗೆ ಬಯಲಿಗೆ ಬಯಲನ್ನೇ ಮುಚ್ಚಿತು. ಆರಿತು. ಅದರ ಮೇಲೆ ಮಣ್ಣಾಯಿತು. ಮತ್ತೆ ಉಕ್ಕಿತು. ಆಳಂದದ ಬಾವಿಗಳಲ್ಲಿ ಇಳಿದರೆ ಎರಡು ಕಪ್ಪು ಬಂಡೆಗಳ ನಡುವೆ ಇಟ್ಟಿಗೆಯಂಥ ಕೆಂಪು ಮಣ್ಣಿನ ಪಟ್ಟಿ ಕಾಣುತ್ತದೆ. ಎರಡು ಪೂರಗಳ ನಡುವಿನ ಬಿಡುವಿನಲ್ಲಿ ಆದ ಮಣ್ಣು ಅದು, ಮೇಲೆ ಹರಿದ ಲಾವಾಕ್ಕೆ ಬೆಂದು ಕೆಂಪಾದದ್ದು. ನಾನು ಹುಟ್ಟಿದ ಜೇವರ್ಗಿಯ ಕಡೆ ಹೋದರೆ ಈ ಲಾವಾದ ಹೊದಿಕೆ ತೆಳುವಾಗಿ ಮುಗಿದು, ಅದಕ್ಕಿಂತ ಎಷ್ಟೋ ಹಳೆಯದಾದ ಸುಣ್ಣಗಲ್ಲು ಹೊರಗೆ ಕಾಣುತ್ತದೆ.

"ಮತ್ತ ಈಗ ಯಾಕ ಇಲ್ರಿ?"

"ಕೆಳಗಿನ ಬಿಸಿ ಅಲ್ಲೇ ಉಳೀತು. ಮ್ಯಾಲಿನ ನೆಲ ಉತ್ತರಕ್ಕ ಸರೀತು. ಒಲಿ ಮ್ಯಾಲಿಂದ ಹಂಚು ಸರಿಸಿದಂಗ. ಲಾವಾ ಬರೋ ಸೀಳೆಲ್ಲ ಒಳಗೇ ಆರಿ ಕಲ್ಲಾಗಿ ಮುಚ್ಚಿಹೋದವು. ಆರೂವರೆ ಕೋಟಿ ವರ್ಷ ಆತು ಚಾಚಾ. ಅದು ಸತ್ತದ."

ಅವರು ಒಂದು ತಿರುವಿನಲ್ಲಿ ಗೇರ್ ಬದಲಿಸಿದರು. ಆಮೇಲೆ ಕೇಳಿದರು: "ಸತ್ತದ ಅಂತ ಯಾರು ನಾಡಿ ಹಿಡದು ನೋಡ್ಯಾರ್ರಿ? ಮಲಗಿದ್ರ?"

ನನ್ನ ಬಳಿ ಉತ್ತರ ಇತ್ತು. ಜ್ವಾಲಾಮುಖಿ ಏಳುವ ಮೊದಲು ನೆಲದೊಳಗೆ ಕಲ್ಲು ಸೀಳಿ ಸಣ್ಣ ಸಣ್ಣ ಭೂಕಂಪಗಳಾಗುತ್ತವೆ, ನೆಲ ಉಬ್ಬುತ್ತದೆ, ಬಾವಿಯ ನೀರು ಬಿಸಿಯಾಗುತ್ತದೆ, ಗಂಧಕದ ವಾಸನೆ ಬರುತ್ತದೆ. ಹೇಳದೆ ಕೇಳದೆ ಬರುವುದಲ್ಲ ಅದು. ಇಷ್ಟೆಲ್ಲ ಗೊತ್ತಿದ್ದೂ ನಾನು ಮತ್ತೆ ಆ ವಿಡಿಯೊ ತೆರೆದೆ. ಸತ್ತದ್ದಕ್ಕೂ ಮಲಗಿದ್ದಕ್ಕೂ ಮೇಲಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ ಎಂದು ನಾನೇ ಎಂದೋ ಓದಿದ್ದು ನೆನಪಾಗಿತ್ತು. ಮೊಬೈಲಿನಲ್ಲಿ ಆ ಕೆಂಪು ಇನ್ನೂ ಇತ್ತು.

ಹಳ್ಳಿ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಊರಿನ ಅಗಸಿ ಬಾಗಿಲಿನ ಹತ್ತಿರ ಟ್ರ್ಯಾಕ್ಟರುಗಳು ನಿಂತಿದ್ದವು. ಒಂದರಲ್ಲಿ ಹಾಸಿಗೆ, ಪಾತ್ರೆ, ಹೊಲಿಗೆ ಯಂತ್ರ. ಅವುಗಳ ನಡುವೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡ ಬಾಣಂತಿ. ನಮ್ಮ ಜೀಪಿನ ಮೇಲಿನ ಸರ್ಕಾರಿ ಹಲಗೆ ನೋಡಿ ಜನ ಸುತ್ತುವರಿದರು. ಯಾರೂ ಗದ್ದಲ ಮಾಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಅದು ಗದ್ದಲಕ್ಕಿಂತ ಕಷ್ಟವಾಗಿತ್ತು.

ಹೊಲದ ಒಡತಿ ಐವತ್ತು ದಾಟಿದ ಗಟ್ಟಿ ಹೆಣ್ಣುಮಗಳು. ಸೆರಗು ಸೊಂಟಕ್ಕೆ ಬಿಗಿದು, ನನಗಿಂತ ಮುಂದೆ ಮುಂದೆ ನಡೆಯುತ್ತ ಕಥೆ ಹೇಳಿದಳು. ಮೊನ್ನೆ ಸಂಜೆ ದೊಡ್ಡ ಗಾಳಿ ಬೀಸಿ ನಾಲ್ಕು ಹನಿ ಮಳೆಯಾಗಿತ್ತಂತೆ. ನಿನ್ನೆ ಮಧ್ಯಾಹ್ನ ಬದುವಿನ ಪೊದೆಗೆ ತಾನಾಗಿಯೇ ಬೆಂಕಿ ಹತ್ತಿತು. ಬೆಂಕಿ ಆರಿದ ಮೇಲೆ ಅಲ್ಲಿ ತೂತು ಕಂಡಿತು. ಅಲ್ಲೇ ಮೇಯುತ್ತಿದ್ದ ಆಕೆಯ ಆಡು ಬದುವಿನ ಹತ್ತಿರ ಹೋದದ್ದು, ಒಮ್ಮೆ ಜಿಗಿದು ಬಿದ್ದು ಸತ್ತಿತು.

"ಗ್ಯಾಸ್ ಬಡದದ ಅಂತ ಮಂದಿ ಅಂತಾರ್ರಿ. ಮೈಮ್ಯಾಲ ಒಂದು ಗಾಯ ಇಲ್ಲ."

"ಈಗ ಉಕ್ಕಾಕತ್ತದೇನು?"

"ಇಲ್ರಿ. ನಿನ್ನೆ ಹೊತ್ತು ಮುಳುಗೋತನಕ ಉಕ್ಕೇದ. ಆಮ್ಯಾಲ ಮಲಗೇದ. ಮುಂಜಾನಿಂದ ಬರೇ ಹೊಗಿ. ಆದ್ರ ಮತ್ತ ಏಳ್ತದ ಅಂತ ನನ್ನ ಜೀವ ಹೇಳ್ತದ. ನೋಡ್ರಿ, ನನ್ನ ಬಣವಿ ಎಲ್ಲದ."

ಬದುವಿನಿಂದ ಸ್ವಲ್ಪವೇ ದೂರದಲ್ಲಿ ಜೋಳದ ಕಣಿಕೆಯ ದೊಡ್ಡ ಬಣವೆ. ಅದರ ಆಚೆ ಹಟ್ಟಿ, ಎರಡು ಎಮ್ಮೆ. ಒಂದು ಕಿಡಿ ಹಾರಿದರೆ ವರ್ಷದ ಮೇವೂ ಎಮ್ಮೆಗಳೂ ಒಟ್ಟಿಗೆ ಹೋಗುವ ಹಾಗಿತ್ತು. ಎಮ್ಮೆಗಳನ್ನು ಬಿಚ್ಚಿ ದೂರ ಕಟ್ಟಿಸಿದೆ. ಬಣವೆಯನ್ನು ಯಾರು ಎತ್ತಿಡುತ್ತಾರೆ?

ಕೆಲಸಕ್ಕೆ ತೊಡಗಿದೆ. ಕೆಲಸ ಎಂದರೆ ಭಯವನ್ನು ಕೈಗೆ ವರ್ಗಾಯಿಸುವುದು. ಗಾಳಿ ಬೀಸುವ ದಿಕ್ಕು ನೋಡಿ, ಗಾಳಿಗೆ ಬೆನ್ನು ಕೊಟ್ಟು, ಒದ್ದೆ ಮಾಡಿದ ಕರವಸ್ತ್ರ ಮೂಗಿಗೆ ಕಟ್ಟಿಕೊಂಡು ತೂತಿನ ಹತ್ತಿರ ಹೋದೆ. ಅನಿಲ ಅಳೆಯುವ ಯಂತ್ರ ನನ್ನ ಬಳಿ ಇರಲಿಲ್ಲ. ಮೂಗೇ ಯಂತ್ರ. ಗಂಧಕವಿದ್ದರೆ ಬರುವ ಕೊಳೆತ ಮೊಟ್ಟೆಯ ವಾಸನೆ ಇರಲಿಲ್ಲ. ಬೇರೆ ಯಾವುದೋ ಕಟುವಾದ ವಾಸನೆ ಇತ್ತು. ಎಲ್ಲಿಯದು ಎಂದು ಗುರುತು ಹತ್ತಲಿಲ್ಲ. ತೂತು ಒರಳಿನಷ್ಟು ಅಗಲ. ಅಂಚಿನಲ್ಲಿ ಕಪ್ಪು ಗಾಜಿನಂಥ ಹೊಪ್ಪಳಿಕೆ. ಸುತ್ತಿಗೆಯಿಂದ ಅಂಚು ತಟ್ಟಿ ಒಂದು ಚೂರು ಬೀಳಿಸಿಕೊಂಡೆ. ಕೈಗವಸಿನ ಮೂಲಕವೂ ಅದು ಬಿಸಿಯಿತ್ತು. ಮಸೂರದಲ್ಲಿ ನೋಡಿದೆ. ಕಪ್ಪು ಗಾಜು, ಒಳಗೆಲ್ಲ ದುಂಡನೆಯ ಗುಳ್ಳೆ, ಮೇಲ್ಮೈ ಹಗ್ಗ ಹೊಸೆದಂತೆ ಸುರುಳಿ.

ಕಾಲೇಜಿನ ಪ್ರಯೋಗಾಲಯದಲ್ಲಿ, ದೂರದ ಯಾವುದೋ ದ್ವೀಪದಿಂದ ತಂದ ಹೊಸ ಲಾವಾದ ತುಂಡನ್ನು ನಮಗೆ ತೋರಿಸಿದ್ದರು. ಅದು ಹೀಗೆಯೇ ಇತ್ತು.

ಚೂರನ್ನು ಚೀಲಕ್ಕೆ ಹಾಕಿಕೊಂಡೆ. ಹಿಂದಕ್ಕೆ ಬಂದು ಬಣವೆಯ ನೆರಳಿನಲ್ಲಿ ನಿಂತೆ. ತಹಶೀಲ್ದಾರರ ಫೋನು ಬಂತು.

"ಏನಂತೀರಿ ಮೇಡಂ? ಬಸ್ಸು ಕರೆಸ್ಲೇನು? ಮ್ಯಾಲಿನವರು ನನ್ನ ಕೇಳಾಕತ್ತಾರ."

"ಇನ್ನೊಂದಿಷ್ಟು ಟೈಮ್ ಕೊಡ್ರಿ ಸರ್. ನೀರು ನೋಡಬೇಕಾಗ್ಯದ."

ನೀರು ಸುಳ್ಳು ಹೇಳುವುದಿಲ್ಲ ಎಂಬುದು ನನ್ನ ವೃತ್ತಿಯ ನಂಬಿಕೆ. ಕೆಳಗೆ ಕರಗಿದ ಕಲ್ಲು ಬಂದಿದ್ದರೆ ಮೊದಲು ಬಿಸಿಯಾಗಬೇಕಾದದ್ದು ಆಳದ ನೀರು. ಪಕ್ಕದ ಹೊಲದ ತೆರೆದ ಬಾವಿಯಲ್ಲಿ ಉಷ್ಣಮಾಪಕ ಇಳಿಬಿಟ್ಟೆ. ನೀರು ಎಂದಿನ ಹಾಗೆಯೇ ಇತ್ತು, ಮಟ್ಟವೂ ಬೇಸಿಗೆಗೆ ತಕ್ಕಷ್ಟೇ ಇಳಿದಿತ್ತು. ಆದರೆ ತೆರೆದ ಬಾವಿ ಆಳದ್ದಲ್ಲ. ಅದಕ್ಕೂ ಆಚೆ ಒಂದು ಆಳವಾದ ಬೋರ್‌ವೆಲ್ ಇತ್ತು. ಅದರ ನೀರು ಎತ್ತಬೇಕೆಂದರೆ ಒಡತಿ ಆಗದೆಂದು ಕೈಯಾಡಿಸಿದಳು.

"ಈಗ ಕರೆಂಟ್ ಎಲ್ಲದ್ರಿ? ಹೊಲದ ಲೈನೇ ಬ್ಯಾರೆ. ಮೂರು ಫೇಸ್ ಮಧ್ಯಾಹ್ನದ ಮ್ಯಾಲ ಕೊಡ್ತಾರ."

ಕಾಯುವುದೊಂದೇ ದಾರಿ. ಚಾಚಾನ ಕೈಗೆ ಉಷ್ಣಮಾಪಕ ಕೊಟ್ಟು ಬೋರ್‌ವೆಲ್ಲಿನ ಹತ್ತಿರ ಕೂರಿಸಿದೆ. ಕರೆಂಟು ಬಂದು ಮೋಟಾರು ಶುರುವಾದ ಕೂಡಲೇ ಕೂಗಿ ಹೇಳಬೇಕು, ಪೈಪಿನ ನೀರಿಗೆ ಮಾಪಕ ಹಿಡಿದು ಓದಬೇಕು. ನೀರು ಬಿಸಿ ಬಂದರೆ ಊರು ಖಾಲಿ ಮಾಡಿಸುವುದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಜನರನ್ನು ಹೊಲದ ಅಂಚಿನ ಬೇವಿನ ಮರದ ಆಚೆ ನಿಲ್ಲಿಸಿದ್ದೆ. ಈ ಬಿಡುವಿನಲ್ಲಿ ತೂತಿನ ಸುತ್ತ ನೆಲ ಬಿರಿದಿದೆಯೇ ಎಂದು ನೋಡೋಣವೆಂದು ಮತ್ತೆ ಬದುವಿನ ಕಡೆ ಹೋದೆ. ನೆಲಕ್ಕೆ ಕಣ್ಣು ನೆಟ್ಟು ನಿಧಾನವಾಗಿ ನಡೆಯುತ್ತಿದ್ದೆ. ಆಗಲೇ ಎದುರಿನಿಂದ ಒಡತಿ ಬರುವುದು ಕಂಡಿತು. ಚಪ್ಪಲಿ ದೂರ ಬಿಟ್ಟು, ಸೊಂಟದ ಮೇಲೆ ತುಂಬಿದ ಪ್ಲಾಸ್ಟಿಕ್ ಕೊಡ ಇಟ್ಟುಕೊಂಡು, ನೇರ ತೂತಿನ ಕಡೆಗೆ ಹೊರಟಿದ್ದಳು.

"ಎಲ್ಲಿಗಿ ಹೊಂಟೀರಿ ಅವ್ವಾ? ಹತ್ತಿರ ಹೋಗಬ್ಯಾಡ್ರಿ!"

"ಮಲಗೇದ ಅನ್ನೂದರಾಗ ನೀರು ಹಾಕ್ತೇನ್ರಿ. ಎದ್ದ ಮ್ಯಾಲ ಯಾರು ಹೋಗವರು? ತಾಯಿ ಇದ್ರ ತಣ್ಣಗಾಗ್ಲಿ, ಬೆಂಕಿ ಇದ್ರ ಆರ್ಲಿ."

ಆಕೆಯ ಮಾತು ಮುಗಿದಿರಲಿಲ್ಲ. ನೆಲದೊಳಗಿನಿಂದ ಗುಂಯ್ ಎಂಬ ಸದ್ದು ಎದ್ದಿತು. ತೂತಿನಿಂದ ಹೊಗೆ ಬುಸ್ಸೆಂದು ಬಂತು. ಕಪ್ಪು ಹೊಪ್ಪಳಿಕೆಯ ನಡುವೆ ಒಂದು ಕೆಂಪು ಗೆರೆ ಹೊತ್ತಿಕೊಂಡು ಅಗಲವಾಗತೊಡಗಿತು. ಅದೇ ಹೊತ್ತಿಗೆ ನನ್ನ ಪಾದಗಳಿಂದ ಮೊಣಕಾಲಿನವರೆಗೆ ನಡುಕ ಏರಿತು.

ಭೂಕಂಪ ಎಂದುಕೊಂಡೆ. ಎದ್ದಿತು, ಖಂಡಿತ ಎದ್ದಿತು, ನಾನು ಅದರ ಬಾಯಲ್ಲೇ ನಿಂತಿದ್ದೇನೆ ಎಂದುಕೊಂಡೆ. ಚಿಕ್ಕಂದಿನಲ್ಲಿ ಅವ್ವ ಬುದ್ಧನ ಪಟದ ಮುಂದೆ ಕೂರಿಸಿ ಹೇಳಿಕೊಟ್ಟಿದ್ದ ತ್ರಿಶರಣ ನನಗೆ ತಿಳಿಯದಂತೆಯೇ ಬಾಯಿಗೆ ಬಂದಿತ್ತು. ಓಡಬೇಕೆಂದು ಕಾಲೆತ್ತಿದೆ. ಎತ್ತಿದ ಕಾಲನ್ನು ಮುಂದೆ ಊರಿದಾಗ ನಡುಕ ಇಮ್ಮಡಿಯಾಗಿ ತೊಡೆಗೆ ಹೊಡೆಯಿತು.

ಆಗ ದೂರದಿಂದ ಚಾಚಾನ ಕೂಗು ಕೇಳಿತು.

"ಮೇಡಂ! ಕರೆಂಟ್ ಬಂತ್ರಿ! ಮೋಟಾರು ಶುರು ಆತು!"

ಆ ಒಂದು ಕೂಗಿಗೆ ನನ್ನ ತಲೆಯಲ್ಲಿ ಎಲ್ಲವೂ ತಿರುಗಿ ಕೂತಿತು. ನಿನ್ನೆ ಮಧ್ಯಾಹ್ನ ಎದ್ದದ್ದು, ಸಂಜೆ ಮಲಗಿದ್ದು. ಗಾಯವಿಲ್ಲದೆ ಜಿಗಿದು ಬಿದ್ದ ಆಡು. ಗುರುತು ಹತ್ತದ ಆ ವಾಸನೆ ವೆಲ್ಡಿಂಗ್ ಅಂಗಡಿಯ ಮುಂದೆ ಬರುವಂಥದ್ದು. ನನ್ನ ಕಾಲಲ್ಲಿದ್ದದ್ದು ನೆಲದ ನಡುಕ ಅಲ್ಲ. ಎಲ್ಲಿಂದಲೋ, ಹೇಗೋ, ಹೊಲದ ದೊಡ್ಡ ಲೈನಿನ ವಿದ್ಯುತ್ತು ಈ ಬದುವಿನ ನೆಲಕ್ಕೆ ಇಳಿಯುತ್ತಿತ್ತು. ತೂತಿನಿಂದ ಸುತ್ತಲೂ ಹರಡಿ, ದೂರ ಹೋದಂತೆ ಅದರ ಒತ್ತಡ ಕಡಿಮೆಯಾಗುತ್ತಿತ್ತು. ಒಂದು ಹೆಜ್ಜೆಯ ಅಂತರದಲ್ಲಿ ಎರಡು ಪಾದಗಳ ನಡುವೆ ಆ ಒತ್ತಡದಲ್ಲಿ ಎಷ್ಟು ವ್ಯತ್ಯಾಸವೋ ಅಷ್ಟೂ ಮೈಯೊಳಗೆ ಹಾದುಹೋಗುತ್ತದೆ. ಹೆಜ್ಜೆ ದೊಡ್ಡದಾದಷ್ಟು ಸಾವು ಹತ್ತಿರ. ಎರಡೂ ಪಾದ ಜೋಡಿಸಿ ನಿಂತುಬಿಟ್ಟೆ. ನಡುಕ ಜುಮುಜುಮಿಗೆ ಇಳಿಯಿತು.

ಭಯ ಕಡಿಮೆಯಾಗಲಿಲ್ಲ. ಬೇರೆ ಭಯವಾಯಿತು. ಜ್ವಾಲಾಮುಖಿಗೆ ಹೆದರಿ ಓಡಬಹುದು. ಇದಕ್ಕೆ ಹೆದರಿ ಓಡಿದರೆ ಅಲ್ಲೇ ಮುಗಿಯಿತು.

ಒಡತಿ ನನಗಿಂತಲೂ ತೂತಿಗೆ ಹತ್ತಿರವಿದ್ದಳು. ಬರಿಗಾಲು. ಸೊಂಟದಲ್ಲಿ ನೀರು ತುಂಬಿದ ಕೊಡ.

"ಕಾಲು ಜುಂ ಅಂತಾವ್ರಿ," ಎಂದಳು. ಧ್ವನಿಯಲ್ಲಿ ಗಟ್ಟಿತನ ಹೋಗಿತ್ತು. "ತಾಯಿ ಮೈಮ್ಯಾಲ ಬರಾಕತ್ತಾಳ ಅನಸ್ತದ."

"ಅವ್ವಾ, ನಿಂತಲ್ಲೇ ನಿಲ್ರಿ! ಕಾಲು ಎರಡೂ ಜೋಡಸ್ರಿ. ಕರೆಂಟ್ ಅದ ಅದು. ನೆಲದಾಗ ಕರೆಂಟ್ ಅದ."

"ಕರೆಂಟಾ? ವೈರ್ ಎಲ್ಲದ?"

"ಆಮ್ಯಾಲ ಹೇಳ್ತೇನಿ. ಕಾಲು ಜೋಡಸ್ರಿ ಮೊದಲ!"

ಆಕೆ ಜೋಡಿಸಿದಳು. ಅಷ್ಟರಲ್ಲಿ, ನಾನು ಕಿರುಚಿದ್ದು ಕೇಳಿ ಚಾಚಾ ಬೋರ್‌ವೆಲ್ಲಿನಿಂದ ಓಡಿ ಬರುತ್ತಿದ್ದರು. ಅವರ ಹಿಂದೆ ಬೇವಿನ ಮರದ ಕೆಳಗಿದ್ದ ನಾಲ್ಕೈದು ಗಂಡಸರು.

"ಬರಬ್ಯಾಡ್ರಿ ಚಾಚಾ! ಯಾರೂ ಬರಬ್ಯಾಡ್ರಿ! ಅಲ್ಲೇ ನಿಲ್ರಿ!"

ನನ್ನ ಗಂಟಲು ಅಷ್ಟು ಜೋರಾಗಿ ಕೂಗಬಲ್ಲದೆಂದು ನನಗೇ ಗೊತ್ತಿರಲಿಲ್ಲ. ಚಾಚಾ ನಿಂತರು. ಎರಡೂ ಕೈ ಅಗಲಿಸಿ ಹಿಂದಿನವರನ್ನು ತಡೆದರು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತಹಶೀಲ್ದಾರರು.

"ಮೇಡಂ, ಇನ್ನ ಕಾಯಾಕ ಆಗಂಗಿಲ್ಲ. ಹೂಂ ಅಂತೀರೋ, ಇಲ್ಲ ಅಂತೀರೋ?"

"ಸರ್, ಇದು ಜ್ವಾಲಾಮುಖಿ ಅಲ್ಲ. ಹೊಲದ ಲೈನ್ ಬಂದ್ ಮಾಡಸ್ರಿ. ಈಗಿಂದೀಗ. ಕರೆಂಟ್ ನೆಲಕ್ಕ ಇಳಿಯಾಕತ್ತದ. ನಾವಿಬ್ರು ಅದರಾಗ ನಿಂತೇವಿ."

ಆ ಕಡೆಯಿಂದ ಅವರು ಕೇಳಿದರು: "ನಿಮಗ ಖಾತ್ರಿ ಅದೇನು? ನಾಳೆ ಏನಾರ ಆದ್ರ ಜಿಮ್ಮೇದಾರಿ ಯಾರದು?"

ಖಾತ್ರಿ ಇರಲಿಲ್ಲ. ನಾನು ತಂತಿ ನೋಡಿರಲಿಲ್ಲ, ನೀರಿನ ಬಿಸಿ ಓದಿರಲಿಲ್ಲ. ನನ್ನ ಕೈಯಲ್ಲಿದ್ದದ್ದು ಒಂದು ಕೂಗು ಮತ್ತು ನನ್ನ ಕಾಲಿನ ಜುಮುಜುಮಿ. ನನ್ನ ಊಹೆ ತಪ್ಪಾಗಿದ್ದರೂ ಆ ಟ್ರ್ಯಾಕ್ಟರುಗಳ ಸಾಮಾನು ಕೆಳಗಿಳಿಯುವುದು, ಆ ಬಾಣಂತಿ ಮನೆಗೆ ಹಿಂತಿರುಗುವುದು ನನ್ನ ಮಾತನ್ನು ನಂಬಿ. ಲೈನ್ ತೆಗೆದರೆ ಗೊತ್ತಾಗುತ್ತದೆ, ತೆಗೆಯದೆ ಗೊತ್ತಾಗುವುದಿಲ್ಲ ಎಂಬುದಷ್ಟೇ ನನಗೆ ಸ್ಪಷ್ಟವಿತ್ತು.

"ಖಾತ್ರಿ ಅದ ಸರ್," ಎಂದೆ. "ನಂದೇ ಜಿಮ್ಮೇದಾರಿ."

ಫೋನು ಇಟ್ಟರು. ಲೈನ್ ಕೂಡಲೇ ಹೋಗಲಿಲ್ಲ. ಆಮೇಲೆ ತಿಳಿಯಿತು, ಸಬ್‌ಸ್ಟೇಷನ್ನಿನ ಮೀಟರಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತಂತೆ. ತಂತಿ ನೇರ ನೆಲಕ್ಕೆ ಬಿದ್ದರೆ ಲೈನ್ ತಾನಾಗಿಯೇ ಬಂದಾಗುತ್ತದೆ. ಒಣ ಮಣ್ಣಿನ ಮೂಲಕ ಅಷ್ಟಷ್ಟೇ ಸೋರಿದರೆ ಅದು ಇನ್ನೆರಡು ಮೋಟಾರು ಓಡಿದಷ್ಟೇ ಲೆಕ್ಕ. ಯಂತ್ರಕ್ಕೆ ಸಂಶಯ ಬರುವುದಿಲ್ಲ. ಅಲ್ಲಿದ್ದವರು ತಮ್ಮ ಮೇಲಿನವರನ್ನು ಕೇಳುತ್ತಿದ್ದರು.

ನಾವು ಅಲ್ಲೇ ನಿಂತಿದ್ದೆವು. ತೂತು ಉಕ್ಕತೊಡಗಿತ್ತು. ಕರಗಿದ ಮಣ್ಣು ಅಂಚು ದಾಟಿ ಆಕೆಯ ಕಡೆಗೆ ಒಂದು ನಾಲಗೆ ಚಾಚಿತು. ಅದರ ಬಿಸಿಗೆ ಆಕೆ ಮುಖ ತಿರುಗಿಸಿದಳು.

"ಕೊಡ ಇಳಸ್ತೇನ್ರಿ. ಕೈ ಸೋತಾವ."

"ಬ್ಯಾಡ್ರಿ! ಬಗ್ಗಬ್ಯಾಡ್ರಿ, ಕೈ ನೆಲಕ್ಕ ಹತ್ತಬಾರದು. ನೀರು ಚೆಲ್ಲಬಾರದು. ಕೊಡ ಹಂಗೇ ಹಿಡೀರಿ. ಈಗ ನಾ ಹೇಳಿದಂಗ ಮಾಡ್ರಿ. ಕಾಲು ಎತ್ತಬ್ಯಾಡ್ರಿ. ಒಂದಕ್ಕೊಂದು ಹಚ್ಚಿಕೊಂಡೇ ಹಿಂದಕ್ಕ ಜರುಗ್ರಿ. ಬೆರಳಷ್ಟು, ಬೆರಳಷ್ಟೇ."

ಆಕೆ ಜರುಗಿದಳು. ಒಂದು ಪಾದ ಇಷ್ಟು, ಇನ್ನೊಂದು ಪಾದ ಅದರ ಪಕ್ಕಕ್ಕೆ. ಬಿಸಿಲಿಗೆ ಬಿರಿದ ಕಪ್ಪು ನೆಲದ ಹೆಂಟೆಗಳ ಮೇಲೆ, ಸೊಂಟದಲ್ಲಿ ತುಂಬಿದ ಕೊಡ ಇಟ್ಟುಕೊಂಡು, ಹಿಮ್ಮುಖವಾಗಿ. ನಾನೂ ಹಾಗೆಯೇ ಜರುಗುತ್ತಿದ್ದೆ. ಕೈ ಹಿಡಿದು ಎಳೆದುಕೊಳ್ಳಬೇಕೆಂದು ಮೈಯೆಲ್ಲ ಚಡಪಡಿಸುತ್ತಿತ್ತು. ಹಿಡಿದರೆ ನಮ್ಮಿಬ್ಬರ ನಡುವಿನ ಅಂತರವೇ ಒಂದು ದೊಡ್ಡ ಹೆಜ್ಜೆಯಾಗುತ್ತದೆ. ಆಕೆಯನ್ನು ಮುಟ್ಟದೆ ಇರುವುದು, ಅದೇ ನಾನು ಆಕೆಗೆ ಮಾಡಬಹುದಾಗಿದ್ದ ಉಪಕಾರ. ಬದುಕಿನಲ್ಲಿ ಇಷ್ಟು ಕಷ್ಟದ ಉಪಕಾರ ನಾನು ಇನ್ನೊಂದು ಮಾಡಿಲ್ಲ.

ಒಂದು ಹೆಂಟೆ ಜಾರಿ ಆಕೆ ವಾಲಿದಳು. ಕೊಡದ ನೀರು ತುಳುಕಿ ಪಾದದ ಮೇಲೆ ಬಿತ್ತು. "ಯವ್ವಾ!" ಎಂದು ಚೀರಿದಳು. ಮೊಣಕಾಲು ಮಡಚಿಕೊಳ್ಳುತ್ತಿದ್ದವು.

"ಬೀಳಬ್ಯಾಡ್ರಿ! ನನ್ನ ನೋಡ್ರಿ ಅವ್ವಾ, ಕೆಳಗ ನೋಡಬ್ಯಾಡ್ರಿ, ನನ್ನ ಮಾರಿ ನೋಡ್ರಿ."

ಆಕೆ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಆಗ ಏನು ಕಂಡಿತೋ ಗೊತ್ತಿಲ್ಲ, ಧೈರ್ಯವಂತೂ ಇರಲಿಕ್ಕಿಲ್ಲ. ಆದರೂ ಮೊಣಕಾಲು ನೆಟ್ಟಗಾದವು. ಮತ್ತೆ ಜರುಗಿದಳು. ಹಾಗೆ ಎಷ್ಟು ಹೊತ್ತು ಜರುಗಿದೆವೋ. ಕಾಲಿನ ಜುಮುಜುಮಿ ಸ್ವಲ್ಪ ಸ್ವಲ್ಪವೇ ತಗ್ಗಿತು, ಆಮೇಲೆ ಇಲ್ಲವಾಯಿತು. ಇಲ್ಲವಾದ ಮೇಲೂ ನಾವು ಇನ್ನೂ ಬಹಳ ದೂರ ಹಾಗೆಯೇ ಜರುಗಿದೆವು. ಬೇವಿನ ಮರದ ಹತ್ತಿರ ಹೆಂಗಸರು ಆಕೆಯ ಸೊಂಟದಿಂದ ಕೊಡ ತೆಗೆದುಕೊಂಡಾಗಲೇ ಆಕೆ ಕುಸಿದು ಕೂತದ್ದು. ನಾನೂ ಕೂತೆ.

ನಾವು ಕೂತ ಸ್ವಲ್ಪ ಹೊತ್ತಿಗೆ ದೂರದ ಮೋಟಾರಿನ ಸದ್ದು ನಿಂತಿತು. ಬದುವಿನ ಗುಂಯ್‌ಗುಡುವಿಕೆಯೂ ಅದರ ಜೊತೆಗೇ ನಿಂತಿತು. ತೂತಿನ ಕೆಂಪು ನಮ್ಮೆಲ್ಲರ ಕಣ್ಣೆದುರಿಗೇ ಕಪ್ಪಿಗೆ ತಿರುಗಿತು.

ಆಮೇಲೆ ಯಾರೋ ಒಬ್ಬ ಗಂಡಸು, "ಕರೆಂಟಿಗಿ ಕಲ್ಲು ಕರಗ್ತದೇನ್ರಿ?" ಎಂದು ಕೇಳಿದ. "ಒಂದೇ ಕಡೆ ತಾಸುಗಟ್ಲೆ ಹರದ್ರ ಕರಗ್ತದ," ಎಂದೆ.

ಸಂಜೆ ಲೈನ್‌ಮನ್ ಬಂದು, ಲೈನ್ ಬಂದಾಗಿದೆ ಎಂದು ತನ್ನ ಸಲಕರಣೆಯಿಂದ ಖಾತ್ರಿ ಮಾಡಿಕೊಂಡು ಕಂಬ ಹತ್ತಿದ. ಕಂಬ ತೂತಿನಿಂದ ಬಹಳ ದೂರದಲ್ಲಿತ್ತು; ಅದಕ್ಕೇ ಯಾರಿಗೂ ಸಂಶಯ ಬಂದಿರಲಿಲ್ಲ. ತಂತಿಯನ್ನು ಕಬ್ಬಿಣಕ್ಕೆ ತಾಗದಂತೆ ಹಿಡಿದಿಡುವ, ಕಂಬದ ಮೇಲಿನ ಪಿಂಗಾಣಿ ಬಟ್ಟಲು ಗಾಳಿಗೆ ಒಡೆದು, ತಂತಿ ಕಬ್ಬಿಣದ ಪಟ್ಟಿಯ ಮೇಲೆ ಕೂತಿತ್ತು. ಆ ಪಟ್ಟಿಯಿಂದ ನೆಲಕ್ಕಿಳಿಯುವ ಅರ್ಥಿಂಗ್ ತಂತಿಯ ಬುಡಕ್ಕೆ, ಎಷ್ಟೋ ವರ್ಷದ ಹಿಂದೆ, ಯಾರೋ ಮುಳ್ಳುತಂತಿಯ ಬೇಲಿ ಕಟ್ಟಿದ್ದರು. ಬೇಲಿ ಬಿದ್ದು, ಬದುವಿನ ಮಣ್ಣು ಮತ್ತು ಜಾಲಿಯ ಕೆಳಗೆ ಮುಚ್ಚಿಹೋಗಿತ್ತು. ಅದರ ಕೊನೆಯ ಕಬ್ಬಿಣದ ಗೂಟ ಹೂತಿದ್ದ ಜಾಗವೇ ತೂತು. ಬದುವಿನ ಆ ಬದಿಯಲ್ಲಿ, ಆಡು ಬಿದ್ದಿದ್ದ ಜಾಗದಲ್ಲಿ ಮಣ್ಣು ಕೆದರಿದಾಗ ಅದೇ ಮುಳ್ಳುತಂತಿ ಸಿಕ್ಕಿತು. ಮಧ್ಯಾಹ್ನವೆಲ್ಲ ನಾನು ಬದುವಿನ ಈ ಬದಿಯಲ್ಲೇ ಓಡಾಡಿದ್ದೆ. ಒಮ್ಮೆ ದಾಟಿ ಆ ಬದಿಗೆ ಹೋಗಿ ನೋಡೋಣ ಎಂದುಕೊಂಡದ್ದೂ ಇತ್ತು.

ಟ್ರ್ಯಾಕ್ಟರುಗಳಿಂದ ಸಾಮಾನು ಇಳಿಯಿತು. ತಹಶೀಲ್ದಾರರು ಫೋನ್ ಮಾಡಿ, ಛಲೋ ಆತು ಎಂದರು. ಜೀಪು ಹತ್ತುವ ಮೊದಲು ಒಡತಿ ನನ್ನ ಕೈಯಲ್ಲಿದ್ದ ಗಾಜಿನ ಚೂರನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಖರೇ ಜ್ವಾಲಾಮುಖಿದು ಹೆಂಗ ಇರ್ತದ್ರಿ?"

"ಹಿಂಗೇ ಇರ್ತದ. ನಿಮ್ಮ ಹೊಲದ ಮಣ್ಣು ಆದದ್ದೇ ಹಳೇ ಲಾವಾ ಸವದು. ಅದನ್ನೇ ಕರೆಂಟ್ ಮತ್ತೊಮ್ಮಿ ಕರಗಿಸ್ಯದ."

"ಅಂದ್ರ ಅದು ಎದ್ದದ್ದು ಸುಳ್ಳಲ್ಲ."

"ಇಷ್ಟೇ ಇಷ್ಟು ಎದ್ದಿತ್ತು ಅವ್ವಾ. ತಾನಾಗಿ ಎದ್ದದ್ದಲ್ಲ."

ಆ ಚೂರನ್ನು ಆಕೆ ನನಗೆ ವಾಪಸು ಕೊಟ್ಟಳು, ಮನೆಯಲ್ಲಿಟ್ಟುಕೊಳ್ಳಲು ಒಪ್ಪಲಿಲ್ಲ.

ನಾನು ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಮನೆಗೆ ಬಂದ ಮೇಲೆ ಸ್ನಾನದ ಕೋಣೆಯ ಒದ್ದೆ ನೆಲಕ್ಕೆ ಕಾಲಿಡಲಾಗದೆ ಬಾಗಿಲಲ್ಲೇ ನಿಂತುಬಿಟ್ಟೆ. ಮರುದಿನ ಕಚೇರಿಯ ಮೆಟ್ಟಿಲು ಹತ್ತುವಾಗಲೂ ಕಾಲು ಅಗಲಿಸಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಲೈನ್‌ಮನ್‌ನ ಫೋನು. ಹೊಸ ಬಟ್ಟಲು ಕೂರಿಸಿದ್ದಾಗಿತ್ತು, ಮುಳ್ಳುತಂತಿಯನ್ನೆಲ್ಲ ಕಿತ್ತು ಹಾಕಿದ್ದಾಗಿತ್ತು, ಎಲ್ಲವನ್ನೂ ಪರೀಕ್ಷಿಸಿದ್ದಾಗಿತ್ತು. ಆದರೆ ಹೊಲದ ಒಡತಿ ಲೈನಿಗೆ ಮತ್ತೆ ಕರೆಂಟ್ ಕೊಡಲು ಬಿಡುತ್ತಿಲ್ಲ.

"ನೀವು ಬಂದು ಅಲ್ಲಿ ನಿಂತ್ರ ತಾನೂ ನಿಲ್ತಾಳಂತ್ರಿ. ಇಲ್ಲಂದ್ರ ತನ್ನ ಹೊಲದ ಮ್ಯಾಲ ತಂತಿನೇ ಬ್ಯಾಡ ಅಂತಾಳ. ಅಕ್ಕಪಕ್ಕದವರ ಕಬ್ಬು ಒಣಗಾಕತ್ತದ್ರಿ ಮೇಡಂ."

ಇದು ನನ್ನ ಕೆಲಸವಲ್ಲ ಎನ್ನಬಹುದಾಗಿತ್ತು. ನಂದೇ ಜಿಮ್ಮೇದಾರಿ ಎಂದು ನಾನೇ ಬಾಯಿಬಿಟ್ಟು ಹೇಳಿದ್ದೆ. ಹೋದೆ.

ತೂತಿನ ಸುತ್ತ ಅಗೆದು ಗಾಜು ಗೂಟವನ್ನೆಲ್ಲ ತೆಗ್ಗಿನಿಂದ ಹೊರಹಾಕಿ ಹೊಸ ಮಣ್ಣು ತುಂಬಿದ್ದರು. ಲೈನ್‌ಮನ್ ಸಲಕರಣೆ ತೋರಿಸಿ ಎಲ್ಲ ವಿವರಿಸಿದ. ತಪ್ಪೇನೂ ಇರಲಿಲ್ಲ. ಆದರೂ ಆ ಮಣ್ಣಿನ ಮೇಲೆ ಎರಡೂ ಪಾದ ಜೋಡಿಸಿಯೇ ನಿಂತೆ. ಒಡತಿ ಬಂದು ನನ್ನ ಪಕ್ಕದಲ್ಲಿ ನಿಂತಳು. ಈ ಸಲ ಚಪ್ಪಲಿ ಹಾಕಿಕೊಂಡಿದ್ದಳು. ನನ್ನ ಕೈ ಹಿಡಿದಳು. ಆಕೆಯ ಅಂಗೈ ಒರಟಾಗಿತ್ತು, ಒದ್ದೆಯಾಗಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರೂ ನೋಡುತ್ತಿದ್ದದ್ದು ನೆಲವನ್ನು.

ಲೈನ್‌ಮನ್ ಕರೆಂಟ್ ಬಿಡಿ ಎಂದು ಫೋನಿನಲ್ಲಿ ಹೇಳಿದ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪಕ್ಕದ ಹೊಲದ ಮೋಟಾರು ಗುರ್ ಎಂದು ಎದ್ದಿತು. ಜೋಡಿಸಿದ್ದ ಪಾದಗಳನ್ನು ನೆಲಕ್ಕೆ ಒತ್ತಿದೆ. ಪೈಪಿಗೆ ನೀರು ಬಂದ ಸದ್ದು ಕೇಳಿತು. ಕಾಲಡಿ ಮಣ್ಣು ಮಣ್ಣಾಗಿಯೇ ಇತ್ತು.

"ಏನಾರ ಅನಸ್ತದೇನ್ರಿ?" ಎಂದಳು.

"ಇಲ್ಲ. ನಿಮಗ?"

"ನಂಗೂ ಇಲ್ಲ."

ಆದರೂ ನಾನು ಅಲುಗಾಡಲಿಲ್ಲ. ಮೋಟಾರಿನ ಸದ್ದು ನಿಂತ ಮೇಲೆ ನಡೆದರಾಯಿತು ಎಂದು ನನ್ನೊಳಗೆ ಯಾರೋ ಹೇಳುತ್ತಿದ್ದರು. ಆಕೆ ನನ್ನ ಕಾಲನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು. ಕೈ ಬಿಡಿಸಿಕೊಂಡಳು. ಸೆರಗು ಸೊಂಟಕ್ಕೆ ಬಿಗಿದು, ಹೊಲದಲ್ಲಿ ನಡೆಯುವ ಹೆಂಗಸರು ಇಡುವ ಉದ್ದನೆಯ ಹೆಜ್ಜೆ ಇಟ್ಟಳು. ಇನ್ನೊಂದು. ಮತ್ತೊಂದು. ಅಲ್ಲಿಂದ ತಿರುಗಿ ನಿಂತಳು.

"ಬಾ ಬೇ ತಂಗಿ," ಎಂದಳು. "ಬಿಸಿಲಾಗ ಎಷ್ಟೊತ್ತು ನಿಲ್ತಿ?"

ಹೊಸ ಮಣ್ಣಿನಲ್ಲಿ ಆಕೆಯ ಚಪ್ಪಲಿಯ ಗುರುತು ಆಳವಾಗಿ ಮೂಡಿತ್ತು. ನಾನು ಕಾಲೆತ್ತಿ ಮೊದಲನೆಯದರ ಮೇಲೆ ಇಟ್ಟೆ. ಎರಡನೆಯದು ಬಹಳ ದೂರದಲ್ಲಿತ್ತು.